ಪ್ಲಾಸ್ಟಿಕ್ ಏರ್‌ಸಾಫ್ಟ್ ಗನ್‌ಗೆ ಹಳೇ ಲೋಹದ ಕಳೆ ಬರಬೇಕಾದರೆ

ಪ್ರಶ್ನೆ: ನನ್ನ ಹತ್ತಿರ ಅಮೆರಿಕದ ಸೇನೆಯ ಎಂ4 ರೈಫಲ್ ಮಾದರಿಯ ಬ್ಯಾಟರಿ ಏರ್‌ಸಾಫ್ಟ್ ಗನ್, ಅಂದರೆ ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್, ಇದೆ. ಪೂರ್ತಿ ಪ್ಲಾಸ್ಟಿಕ್. ಅದರ ಹೊಳಪು ನೋಡಿ ಬೇಜಾರಾಗಿ ಇಡೀ ಗನ್‌ಗೆ ಮ್ಯಾಟ್ ಕಪ್ಪು ಸ್ಪ್ರೇ ಹೊಡೆದೆ. ಆಮೇಲೆ ಎಲ್ಲ ಅಂಚುಗಳಿಗೂ ಬೆಳ್ಳಿ ಬಣ್ಣ ಸವರಿದೆ. ಆದರೂ ಆಟಿಕೆ ಥರಾನೇ ಕಾಣುತ್ತೆ. ಎರಡೇ ವಾರಕ್ಕೆ ಮುಂದಿನ ಹಿಡಿಯ ಹತ್ತಿರ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳ್ತಾ ಇದೆ. ನಾನು ಮಾಡಿದ ತಪ್ಪೇನು? ಮೂತಿಯ ಕಿತ್ತಳೆ ತುದಿಗೂ ಕಪ್ಪು ಬಳಿಯಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ. ಕಿತ್ತಳೆ ತುದಿಯನ್ನು ಮುಟ್ಟಬೇಡಿ. ಬಣ್ಣ ಹೊಡೆಯುವ ಮೊದಲು ಅದರ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ. ಕೆಲಸ ಮುಗಿದ ಮೇಲೆ ಟೇಪ್ ತೆಗೆದರೆ ಅದು ಮೊದಲಿನ ಹಾಗೇ ಎದ್ದು ಕಾಣಬೇಕು. ನೀವು ಕಲಿಯಲು ಹೊರಟಿರುವ ಕೆಲಸವೇ ಆಟಿಕೆಯನ್ನು ನಿಜವಾದ ಬಂದೂಕಿನಂತೆ ಕಾಣಿಸುವುದು. ಕೆಲಸ ಚೆನ್ನಾಗಿ ಆದಷ್ಟೂ ದೂರದಿಂದ ನೋಡುವವರಿಗೆ, ಅದರಲ್ಲೂ ಪೊಲೀಸರಿಗೆ, ಇದು ಆಟಿಕೆ ಅಂತ ತಿಳಿಯಲು ಆ ತುದಿ ಬಿಟ್ಟರೆ ಬೇರೆ ಗುರುತು ಉಳಿಯಲ್ಲ. ಅಮೆರಿಕದಲ್ಲಿ 1988ರ ಕಾನೂನಿನ ಪ್ರಕಾರ ಇಂಥ ಗನ್ ಮಾರುವಾಗ ಮೂತಿಯಿಂದ ಕಡಿಮೆಯೆಂದರೆ 6 ಮಿಲಿಮೀಟರ್ ಕಿತ್ತಳೆ ಗುರುತು ಇರಬೇಕು. ಬ್ರಿಟನ್ ಇನ್ನೂ ಬಿಗಿ. ಅಲ್ಲಿನ 2006ರ ಕಾನೂನು, ನಕಲಿ ಗನ್ ಒಂದನ್ನು ನಿಜವಾದದ್ದರಂತೆ ಮಾರ್ಪಡಿಸುವುದನ್ನೇ ಅಪರಾಧ ಅನ್ನುತ್ತದೆ. ಕೆಲವರಿಗಷ್ಟೇ ವಿನಾಯಿತಿ ಇದೆ. ನೀವಿರುವ ಕಡೆಯ ನಿಯಮವನ್ನು ಬಣ್ಣದ ಕ್ಯಾನ್ ತೆರೆಯುವ ಮೊದಲೇ ಓದಿಕೊಳ್ಳಿ. ಮತ್ತೆ, ಬಣ್ಣ ಹೊಡೆದ ಗನ್ ಹೊರಗೆ ಒಯ್ಯುವಾಗ ಯಾವಾಗಲೂ ಮುಚ್ಚಿದ ಚೀಲದಲ್ಲೇ ಇರಲಿ. ಈ ಎರಡು ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡಲ್ಲ.

ಈಗ ನಿಮ್ಮ ಗನ್‌ಗೆ ಬರೋಣ. ನಿಮಗೆ ಎರಡು ತೊಂದರೆ ಒಟ್ಟಿಗೇ ಬಂದಿವೆ. ಕಣ್ಣಿಗೆ ಆಟಿಕೆಯಾಗಿ ಕಾಣುವುದು ಒಂದು, ಬಣ್ಣ ಏಳುವುದು ಇನ್ನೊಂದು. ಕಾರಣ ಬೇರೆ ಬೇರೆ.

ಆಟಿಕೆ ಥರ ಕಾಣಲು ಕಾರಣ ಇಷ್ಟೇ. ನೀವು ಇಡೀ ಗನ್‌ಗೆ ಒಂದೇ ಕಪ್ಪು ಹೊಡೆದಿದ್ದೀರಿ, ಎಲ್ಲ ಅಂಚಿಗೂ ಒಂದೇ ಬೆಳ್ಳಿ ಸವರಿದ್ದೀರಿ. ಹಾಗಾಗಿ ಇಡೀ ಗನ್ ಒಂದೇ ವಸ್ತುವಿನಲ್ಲಿ ಎರಕ ಹೊಯ್ದ ಹಾಗಿದೆ. ನಿಜವಾದ ಎಂ4 ಹಾಗಿರಲ್ಲ. ಅದರ ನಡುವಿನ ಪೆಟ್ಟಿಗೆ, ಅಂದರೆ ರಿಸೀವರ್, 7075 ದರ್ಜೆಯ ಅಲ್ಯುಮಿನಿಯಂ. ಅದರ ಮೇಲೆ ಗಟ್ಟಿ ಆನೊಡೈಸಿಂಗ್, ಅಂದರೆ ವಿದ್ಯುತ್ ಹಾಯಿಸಿ ಬೆಳೆಸಿದ ಆಕ್ಸೈಡ್ ಪದರ, ಇರುತ್ತದೆ. ನಳಿಕೆ ಉಕ್ಕಿನದು, ಮೇಲೆ ಮ್ಯಾಂಗನೀಸ್ ಫಾಸ್ಫೇಟ್ ಲೇಪ. ಹಿಡಿ, ಮುಂದಿನ ಕೈಯಲ್ಲಿ ಹಿಡಿಯುವ ಹ್ಯಾಂಡ್‌ಗಾರ್ಡ್, ಭುಜಕ್ಕೆ ಒತ್ತುವ ಬಟ್, ಇವು ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಮೂರೂ ಕಪ್ಪೇ. ಆದರೆ ಮೂರೂ ಬೇರೆ ಬೇರೆ ಕಪ್ಪು. ಆನೊಡೈಸಿಂಗ್‌ನಲ್ಲಿ ಸ್ವಲ್ಪ ಬೂದು ಇರುತ್ತದೆ, ಕೆಲವೊಮ್ಮೆ ನೇರಳೆಯ ಛಾಯೆಯೂ ಇಣುಕುತ್ತದೆ. ಫಾಸ್ಫೇಟ್ ಒರಟಾಗಿ, ಹೊಳಪೇ ಇಲ್ಲದೆ, ಇದ್ದಿಲಿನ ಹಾಗೆ ಇರುತ್ತದೆ. ಪಾಲಿಮರ್‌ಗೆ ತೆಳು ಸ್ಯಾಟಿನ್ ಹೊಳಪು.

ಸವೆಯುವ ರೀತಿಯೂ ಬೇರೆ. ಆನೊಡೈಸಿಂಗ್ ಸವೆದರೆ ಕೆಳಗಿನ ಅಲ್ಯುಮಿನಿಯಂ ತಿಳಿ ಬೆಳ್ಳಿಯಾಗಿ ಕಾಣುತ್ತದೆ. ಫಾಸ್ಫೇಟ್ ಸವೆದರೆ ಉಕ್ಕಿನ ಗಾಢ ಬೂದು ಹೊಳೆಯುತ್ತದೆ, ಬೆಳ್ಳಿಯಲ್ಲ. ಪಾಲಿಮರ್ ಸವೆದರೆ ಒಳಗೆ ಲೋಹವೇ ಇಲ್ಲವಲ್ಲ, ಅಲ್ಲಿ ಬೆಳ್ಳಿ ಎಲ್ಲಿಂದ ಬರಬೇಕು? ಕೈ ತಾಗಿ ತಾಗಿ ಅದು ನುಣುಪಾಗುತ್ತದೆ, ಹೊಳಪು ಬರುತ್ತದೆ, ಗೀರು ಬಿದ್ದಲ್ಲಿ ಬೂದಿ ಬಣ್ಣದ ಗೆರೆ ಉಳಿಯುತ್ತದೆ. ನಿಮ್ಮ ಗನ್‌ನ ಹಿಡಿಯ ಅಂಚಿನಲ್ಲಿರುವ ಬೆಳ್ಳಿ ಗೆರೆ ನೋಡಿದ ಕೂಡಲೇ ಬಂದೂಕು ಬಲ್ಲವರ ಕಣ್ಣು ಅಲ್ಲೇ ನಿಲ್ಲುತ್ತದೆ. ಗೊತ್ತಿಲ್ಲದವರಿಗೂ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರಲ್ಲ ಅಷ್ಟೇ.

ಅದಕ್ಕೇ ಬ್ರಷ್ ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಗನ್‌ನ ಚಿತ್ರ ಗೀಚಿಕೊಳ್ಳಿ. ಪ್ರತಿ ಭಾಗದ ಪಕ್ಕ ಅದು ಯಾವ ವಸ್ತುವಾಗಿ ಕಾಣಬೇಕು ಅಂತ ಬರೆಯಿರಿ. ಹತ್ತು ನಿಮಿಷದ ಕೆಲಸ. ಮುಂದಿನ ಎಲ್ಲ ತೀರ್ಮಾನ ಈ ಹಾಳೆಯಿಂದಲೇ ಬರುತ್ತದೆ.

ಎಲ್ಲಿ ಸವೆಸಬೇಕು ಅನ್ನುವುದಕ್ಕೂ ಒಂದು ಸುಲಭ ದಾರಿ ಇದೆ. ಬ್ಯಾಟರಿ, ಗುಂಡು ತುಂಬುವ ಮ್ಯಾಗಜಿನ್ ತೆಗೆದಿಡಿ. ಎರಡೂ ಕೈಗೆ ಟಾಲ್ಕಂ ಪೌಡರ್ ಹಚ್ಚಿಕೊಳ್ಳಿ. ಐದು ನಿಮಿಷ ಗನ್ ಹಿಡಿದು, ಭುಜಕ್ಕೇರಿಸಿ, ಹಾರಿಸುವ ರೀತಿ ಬದಲಿಸುವ ಸೆಲೆಕ್ಟರ್ ತಿರುಗಿಸಿ, ಖಾಲಿ ಮ್ಯಾಗಜಿನ್ ಹಾಕಿ ತೆಗೆಯಿರಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಪೌಡರ್ ಜಾಸ್ತಿ ಮೆತ್ತಿದ ಕಡೆ ಸವೆತ ಬರುತ್ತದೆ. ಪೌಡರ್ ತಾಗದ ಕಡೆ ಧೂಳು, ಮಸಿ ಕೂರುತ್ತದೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮ್ಯಾಗಜಿನ್ ಸೇರಿಸುವ ಬಾಯಿಯ ಅಂಚು, ಅದರ ಮುಂಭಾಗ, ಎಳೆಯುವ ಹಿಡಿಕೆ, ಪಟ್ಟಿ ಸಿಕ್ಕಿಸುವ ಕೊಂಡಿಯ ಸುತ್ತ, ಇವೇ ಮುಖ್ಯ ಜಾಗಗಳು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಪ್ರತಿ ಬಂದೂಕಿಗೂ ಅದರದ್ದೇ ಗುರುತುಗಳಿವೆ. ಎಕೆ-47 ಜಾತಿಯ ರೈಫಲ್ ಮಾದರಿಯಲ್ಲಿ ಬಲಬದಿಯ ಉದ್ದ ಸೆಲೆಕ್ಟರ್ ಮೇಲೆ ಕೆಳಗೆ ಉಜ್ಜಿ ರಿಸೀವರ್ ಮೇಲೆ ಬಿಲ್ಲಿನಂಥ ಗೀರು ಬೀಳುತ್ತದೆ. ಆ ಒಂದು ಗೀರು ಇಲ್ಲದ ಹಳೇ ಎಕೆ ನೋಡಲು ಸಿಗುವುದೇ ಕಷ್ಟ. ನಿಮ್ಮ ಎಂ4ನಲ್ಲಿ ಖಾಲಿ ತೋಟಾ ಹೊರಬೀಳುವ ಕಿಟಕಿಯ ಹಿಂದೆ ಒಂದು ಸಣ್ಣ ಉಬ್ಬು ಇದೆ ನೋಡಿ. ಹಾರಿ ಬರುವ ಹಿತ್ತಾಳೆ ತೋಟಾ ಅದಕ್ಕೆ ಬಡಿದು ಮುಂದಕ್ಕೆ ಚಿಮ್ಮಲಿ ಅಂತ ಇಟ್ಟದ್ದು. ನಿಜವಾದ ಬಂದೂಕಿನಲ್ಲಿ ಆ ಉಬ್ಬಿನ ಮೇಲೆ ಹಿತ್ತಾಳೆಯ ಹಳದಿ ಕಲೆಗಳು ಹತ್ತಿರುತ್ತವೆ. ತೀರಾ ಚಿಕ್ಕ ಬ್ರಷ್‌ನಲ್ಲಿ ಹಿತ್ತಾಳೆ ಬಣ್ಣದ ನಾಲ್ಕೈದು ಚುಕ್ಕೆ ಇಟ್ಟು ಬೆರಳಿನಿಂದ ಒರೆಸಿದರೆ ಸಾಕು. ಇಡೀ ಗನ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಪಿಸ್ತೂಲಾದರೆ ಚರ್ಮದ ಚೀಲದಿಂದ ಎಳೆದು ಎಳೆದು ಮೂತಿಯ ಹತ್ತಿರದ ಅಂಚುಗಳು ಮೊದಲು ಸವೆಯುತ್ತವೆ, ಹಿಂದಿನವು ನಿಧಾನಕ್ಕೆ.

ಈಗ ಬಣ್ಣ ಏಳುವ ವಿಷಯ. ಇದು ಬಣ್ಣದ ದೋಷವಲ್ಲ, ಕೆಳಗಿನ ಮೈ ತಯಾರಾಗಿರಲಿಲ್ಲ. ಪ್ಲಾಸ್ಟಿಕ್ ಭಾಗಗಳನ್ನು ಅಚ್ಚಿನಿಂದ ಸಲೀಸಾಗಿ ಬಿಡಿಸಲು ಬಳಸಿದ ಎಣ್ಣೆಯಂಥ ಪದಾರ್ಥ ಮೇಲೆ ಉಳಿದಿರುತ್ತದೆ. ಅದಕ್ಕಿಂತ ದೊಡ್ಡ ಶತ್ರು ಸಿಲಿಕೋನ್ ಎಣ್ಣೆ. ಏರ್‌ಸಾಫ್ಟ್ ಆಡುವ ಎಲ್ಲರೂ ಇದನ್ನು ಬಳಸುತ್ತಾರೆ, ಸ್ಪ್ರೇ ಮಾಡಿದಾಗ ಎಲ್ಲೆಲ್ಲೋ ಹಾರುತ್ತದೆ. ಸಿಲಿಕೋನ್ ಇದ್ದ ಜಾಗದಲ್ಲಿ ಬಣ್ಣ ಹರಡಿಕೊಳ್ಳದೆ ಮೀನಿನ ಕಣ್ಣಿನಂಥ ಗುಳಿಗಳಾಗಿ ಸರಿದು ನಿಲ್ಲುತ್ತದೆ. ಹತ್ತಿಕೊಂಡ ಹಾಗೆ ಕಂಡರೂ ಕೆಳಗೆ ಹಿಡಿತ ಇರಲ್ಲ. ಕೈ ಬೆವರು, ಬಿಸಿ ತಾಗುವ ಮುಂದಿನ ಹಿಡಿಯಲ್ಲೇ ಮೊದಲು ಏಳುವುದು ಅದಕ್ಕೇ.

ಜೊತೆಗೆ ಪ್ಲಾಸ್ಟಿಕ್ ಯಾವುದು ಅನ್ನುವುದೂ ಮುಖ್ಯ. ಬಿಚ್ಚಿದಾಗ ಒಳಮೈ ನೋಡಿ, ಕೆಲವು ಭಾಗಗಳಲ್ಲಿ ಎಬಿಎಸ್, ಪಿಎ, ಪಿಪಿ ಅಂತ ಅಚ್ಚಾಗಿರುತ್ತದೆ. ಎಬಿಎಸ್ ಆದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಪಿಎ ಅಂದರೆ ನೈಲಾನ್. ಗಾಜಿನ ನಾರು ಬೆರೆಸಿದ ನೈಲಾನ್ ಗಟ್ಟಿ, ಆದರೆ ಬಣ್ಣಕ್ಕೆ ಸ್ವಲ್ಪ ಮೊಂಡು. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಬಣ್ಣವನ್ನು ಹತ್ತಿರವೇ ಸೇರಿಸಲ್ಲ. ನೈಲಾನ್‌ಗೂ ಪಿಪಿಗೂ ತಳಕ್ಕೆ ಹೊಡೆಯುವ ಬಣ್ಣ, ಅಂದರೆ ಪ್ರೈಮರ್‌ಗಿಂತ ಮೊದಲು, ಹಿಡಿತ ಹೆಚ್ಚಿಸುವ ಪ್ಲಾಸ್ಟಿಕ್ ಅಡ್ಹೀಷನ್ ಪ್ರೊಮೋಟರ್ ಅಂತ ಸಿಗುವ ಸ್ಪ್ರೇ ತೆಳುವಾಗಿ ಹೊಡೆಯಲೇಬೇಕು. ಕಾರಿನ ಬಂಪರ್‌ಗೆ ಬಣ್ಣ ಹೊಡೆಯುವವರು ಬಳಸುವುದೂ ಇದನ್ನೇ.

ಹಾಗಾದರೆ ನಿಮ್ಮ ಕೈಯಲ್ಲಿರುವ ಗನ್‌ಗೆ ಏನು ಮಾಡಬೇಕು? ಹಳೇ ಬಣ್ಣ ತೆಗೆಯಲೇಬೇಕು. ಏಳುತ್ತಿರುವ ಬಣ್ಣದ ಮೇಲೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಕೆಳಗಿನದರ ಜೊತೆ ಅದೂ ಎದ್ದು ಬರುತ್ತದೆ. ಮೊದಲು ಮ್ಯಾಗಜಿನ್ ತೆಗೆಯಿರಿ. ಒಳಗೆ ಉಳಿದ ಗುಂಡು ಹೊರಹೋಗಲು ಸುರಕ್ಷಿತ ದಿಕ್ಕಿಗೆ ಎರಡು ಮೂರು ಸಲ ಹಾರಿಸಿ. ಆಮೇಲೆ ಬ್ಯಾಟರಿ ತೆಗೆಯಿರಿ. ಬಿಚ್ಚುತ್ತಾ ಪ್ರತಿ ಹಂತದ ಫೋಟೋ ತೆಗೆಯಿರಿ. ಪ್ರತಿ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿ ಹಾಕಿ ಹೆಸರು ಬರೆಯಿರಿ. ಹೊರಮೈಯ ಭಾಗಗಳಷ್ಟೇ ಬಣ್ಣದ ಮೇಜಿಗೆ ಬರಲಿ. ಗೇರ್‌ಬಾಕ್ಸ್, ಗುಂಡಿಗೆ ಹಿಂದಕ್ಕೆ ಸುತ್ತು ಕೊಡುವ ಹಾಪ್‌ಅಪ್, ಒಳನಳಿಕೆ ಇವು ಬೇರೆ ಕೋಣೆಯಲ್ಲಿರಲಿ. ಗುಂಡು 6 ಮಿಲಿಮೀಟರ್, ಒಳನಳಿಕೆಯ ರಂಧ್ರ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಅಲ್ಲಿ ಬಣ್ಣದ ಒಂದು ಹನಿ ಬಿದ್ದರೂ ಗುಂಡು ಸಿಕ್ಕಿಕೊಳ್ಳುತ್ತದೆ.

ಹಳೇ ಬಣ್ಣಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್, ಶೇಕಡ 90ಕ್ಕಿಂತ ಗಟ್ಟಿಯಾದದ್ದು, ಬಟ್ಟೆಯಲ್ಲಿ ಅದ್ದಿ ಉಜ್ಜಿ. ಮೊದಲು ಕಾಣದ ಒಳಮೂಲೆಯಲ್ಲಿ ಪರೀಕ್ಷೆ ಮಾಡಿ. ಎಷ್ಟೋ ಅಕ್ರಿಲಿಕ್ ಬಣ್ಣಗಳು ಇದಕ್ಕೇ ಮೆತ್ತಗಾಗಿ ಬರುತ್ತವೆ. ಬಾರದಿದ್ದರೆ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ತಿಕ್ಕಬೇಕು, ಬೇರೆ ದಾರಿ ಇಲ್ಲ. ಅಸಿಟೋನ್ ಮಾತ್ರ ಬೇಡ, ನೇಲ್ ಪಾಲಿಶ್ ತೆಗೆಯುವ ದ್ರವವೂ ಬೇಡ, ಲ್ಯಾಕರ್ ಥಿನ್ನರ್ ಕೂಡ ಬೇಡ. ಎಬಿಎಸ್ ಅದರಲ್ಲಿ ಕರಗುತ್ತದೆ. ಶುರುವಿನ ದಿನಗಳಲ್ಲಿ ನಾನು ಒಂದು ಹ್ಯಾಂಡ್‌ಗಾರ್ಡ್ ಮೇಲೆ ಅಸಿಟೋನ್ ಬಟ್ಟೆ ಆಡಿಸಿದಾಗ ಅದರ ಸಣ್ಣ ಗೆರೆಗಳೆಲ್ಲ ಕಣ್ಣೆದುರೇ ಮೇಣದ ಹಾಗೆ ಅಳಿಸಿಹೋದವು. ಆ ಭಾಗ ಮತ್ತೆ ಸಿಗಲೂ ಇಲ್ಲ. ನಿಮಗೆ ಹಾಗಾಗಬಾರದು.

ಬಣ್ಣ ಹೋದ ಮೇಲೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್. ಸಂದುಗಳನ್ನೆಲ್ಲ ತಿಕ್ಕಿ ತೊಳೆದು ಪೂರ್ತಿ ಒಣಗಿಸಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ.

ಆಟಿಕೆ ಅಂತ ಸಾರಿ ಹೇಳುವ ಇನ್ನೊಂದು ಗುರುತು ಇದೆ. ಅಚ್ಚಿನ ಎರಡು ಹೋಳು ಸೇರಿದ ಕಡೆ ಬರುವ ಸಣ್ಣ ಏಣು ಗೆರೆ. ಹಿಡಿಯ ಹಿಂಭಾಗ, ಬಟ್‌ನ ಕೆಳಗೆ, ಟ್ರಿಗರ್ ಸುತ್ತಿನ ಬಳೆಯ ನಡುವೆ ಬೆರಳಾಡಿಸಿ, ಸಿಗುತ್ತದೆ. ಬ್ಲೇಡಿನ ಹಿಂಬದಿಯಿಂದ ಕೆರೆದು ತೆಗೆಯಿರಿ. ಆಮೇಲೆ 400, 600, 800 ನಂಬರ್ ವಾಟರ್ ಪೇಪರ್ ಸಾಲಾಗಿ. ಪಾಲಿಮರ್ ಅಂತ ಕಾಣಬೇಕಾದ ಭಾಗದಲ್ಲಿ ಗೆರೆಯನ್ನು ಅರ್ಧಕ್ಕೆ ಇಳಿಸಿದರೆ ಸಾಕು, ನಿಜವಾದ ಪಾಲಿಮರ್ ಹಿಡಿಯಲ್ಲೂ ಅದು ಇರುತ್ತದೆ. ಲೋಹ ಅಂತ ಕಾಣಬೇಕಾದ ಭಾಗದಲ್ಲಿ ಗೆರೆಯ ಕುರುಹೂ ಇರಬಾರದು. ಗುಳಿಬಿದ್ದ ಕಡೆ ಪ್ಲಾಸ್ಟಿಕ್ ಪುಟ್ಟಿ ತುಂಬಿ ಸಮ ಮಾಡಿ. ಎಲ್ಲರೂ ಬೇಗ ಬಣ್ಣ ನೋಡುವ ಆಸೆಗೆ ಈ ಹಂತ ಹಾರಿಸಿಬಿಡುತ್ತಾರೆ. ಒಂದು ಇಡೀ ಸಂಜೆ ಇದಕ್ಕೇ ಕೊಡಿ ಅಂತ ಕೇಳಿಕೊಳ್ತೀನಿ. ಕೊನೆಗೆ ಇಡೀ ಮೈಗೆ 600ರಲ್ಲಿ ಹಗುರವಾಗಿ ಉಜ್ಜಿ ಹೊಳಪು ಕಳೆದರೆ ಪ್ರೈಮರ್‌ಗೆ ಹಿಡಿತ ಸಿಗುತ್ತದೆ.

ಬಣ್ಣ ಸೇರಿದರೆ ಭಾಗಗಳ ದಪ್ಪ ಹೆಚ್ಚುತ್ತದೆ, ಇದನ್ನು ನೆನಪಿಡಿ. ಒಂದಕ್ಕೊಂದು ಜಾರಿ ಕೂರುವ ಮೈಗಳು, ಮ್ಯಾಗಜಿನ್ ಹೋಗುವ ಒಳಗೋಡೆ, ಪಿನ್ ತೂತು, ವಿದ್ಯುತ್ ಸಂಪರ್ಕದ ತಗಡುಗಳು, ಇವಕ್ಕೆಲ್ಲ ಟೇಪ್ ಅಂಟಿಸಿ.

ಸ್ಪ್ರೇ ಮಾಡುವಾಗ ತಾಳ್ಮೆಯೇ ಎಲ್ಲಾ. ಗಾಳಿ ಆಡುವ ಜಾಗ, ಮುಖಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್. ಬಟ್ಟೆಯ ಮಾಸ್ಕ್ ಬಣ್ಣದ ಹಬೆಯನ್ನು ತಡೆಯಲ್ಲ. ಕ್ಯಾನ್ ಅನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. 20ರಿಂದ 30 ಸೆಂಟಿಮೀಟರ್ ದೂರ ಹಿಡಿಯಿರಿ. ಭಾಗದ ಆಚೆಯೇ ಸ್ಪ್ರೇ ಶುರು ಮಾಡಿ, ದಾಟಿಸಿ, ಆಚೆಯೇ ನಿಲ್ಲಿಸಿ. ಮೊದಲ ಕೋಟ್ ಮಂಜು ಕವಿದ ಹಾಗಿರಲಿ, ಕೆಳಗಿನ ಪ್ಲಾಸ್ಟಿಕ್ ಕಾಣುತ್ತಿರಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು. ಹೀಗೆ ಮೂರು ತೆಳು ಕೋಟ್ ಬೂದು ಪ್ರೈಮರ್. ಮಳೆ ಬರುವ ದಿನ ಬೇಡ, ಗಾಳಿಯ ತೇವ ಬಣ್ಣದಲ್ಲಿ ಸಿಕ್ಕಿ ಬಿಳಿ ಮಬ್ಬು ಬರುತ್ತದೆ. ಬೇರೆ ಬೇರೆ ಜಾತಿಯ ಬಣ್ಣ ಒಂದರ ಮೇಲೊಂದು ಹೊಡೆಯುವಾಗ ಕ್ಯಾನಿನ ಮೇಲಿನ ಸಮಯ ಓದಿ. ಎಷ್ಟೋ ಎನಾಮೆಲ್ ಸ್ಪ್ರೇಗಳು ಮುಂದಿನ ಕೋಟ್ ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲದಿದ್ದರೆ 48 ಗಂಟೆ ಕಾಯಿರಿ ಅನ್ನುತ್ತವೆ. ನಡುವೆ ಹೊಡೆದರೆ ಬಣ್ಣ ಸುಕ್ಕುಗಟ್ಟುತ್ತದೆ.

ಇನ್ನು ಮೂಲ ಬಣ್ಣ. ಅಚ್ಚ ಕಪ್ಪನ್ನು ಯಾವ ಭಾಗಕ್ಕೂ ಹೊಡೆಯಬೇಡಿ. ಅಚ್ಚ ಕಪ್ಪಿನ ಮೇಲೆ ನೆರಳು ಕಾಣಲ್ಲ, ಮಸಿ ಕಾಣಲ್ಲ, ಆಕಾರವೇ ಸತ್ತುಹೋಗುತ್ತದೆ. ಪಾಲಿಮರ್ ಭಾಗಗಳಿಗೆ ಕಪ್ಪಿಗೆ ಹತ್ತಿರದ ಬೂದು. ನಳಿಕೆಗೆ ಅದಕ್ಕಿಂತ ಸ್ವಲ್ಪ ಬೆಚ್ಚಗಿನ, ಪೂರ್ತಿ ಮ್ಯಾಟ್ ಇದ್ದಿಲು ಬಣ್ಣ.

ರಿಸೀವರ್ ಭಾಗಕ್ಕೆ ನಾನು ಮಾಡುವ ವಿಧಾನವನ್ನು ವಿವರವಾಗಿ ಹೇಳ್ತೀನಿ, ಏಕೆಂದರೆ ನೀವು ಕೇಳಿದ ಲೋಹದ ಕಳೆ ಬರುವುದು ಇಲ್ಲೇ. ನಿಜವಾದ ಬಂದೂಕಿನಲ್ಲಿ ಬೆಳ್ಳಿ ಮೇಲಿಂದ ಮೆತ್ತಿಕೊಳ್ಳಲ್ಲ, ಮೇಲಿನ ಕಪ್ಪು ಹೋದಾಗ ಕೆಳಗಿನಿಂದ ಕಾಣುತ್ತದೆ. ನಾವೂ ಅದೇ ಕ್ರಮ ಹಿಡಿಯೋಣ. ಪ್ರೈಮರ್ ಮೇಲೆ ಅಲ್ಯುಮಿನಿಯಂ ಬಣ್ಣದ ಎರಡು ತೆಳು ಕೋಟ್. ಕಣ ತುಂಬಾ ನಯವಾಗಿರುವುದನ್ನೇ ಆರಿಸಿ, ಮಿಣುಕುಮಿಣುಕು ಕಾಣುವುದು ಬೇಡ. ಎರಡು ದಿನ ಒಣಗಲಿ. ಅದರ ಮೇಲೆ ಗಾಢ ಬೂದು ಕಪ್ಪಿನ ಎರಡು ಕೋಟ್. ಮತ್ತೆ ಒಂದು ದಿನ ಬಿಡಿ. ಈಗ 1500 ನಂಬರ್ ವಾಟರ್ ಪೇಪರಿನ ಬೆರಳಗಲದ ತುಂಡನ್ನು ಒದ್ದೆ ಮಾಡಿ, ಪೌಡರ್ ಫೋಟೋ ಎದುರಿಗಿಟ್ಟುಕೊಂಡು, ಕೈ ತಾಗುವ ಅಂಚುಗಳನ್ನು ಹಗುರವಾಗಿ ಉಜ್ಜಿ. ಮೊದಲು ಕಪ್ಪು ಮಸುಕಾಗುತ್ತದೆ, ಆಮೇಲೆ ಬೂದಾಗುತ್ತದೆ, ಆಮೇಲೆ ಅಲ್ಯುಮಿನಿಯಂ ಇಣುಕುತ್ತದೆ. ಈ ಮೂರೂ ಹಂತ ಒಂದೇ ಅಂಚಿನಲ್ಲಿ ಸಿಗುವುದೇ ಇದರ ಚೆಲುವು. ಬ್ರಷ್‌ನಿಂದ ಸವರಿದ ಬೆಳ್ಳಿಯಲ್ಲಿ ಅದು ಬರಲ್ಲ.

ಎರಡು ಬಣ್ಣದ ನಡುವೆ ಹೇರ್‌ಸ್ಪ್ರೇ ಹೊಡೆದು, ಮೇಲಿನ ನೀರಿನ ಅಕ್ರಿಲಿಕ್ ಬಣ್ಣವನ್ನು ಒದ್ದೆ ಬ್ರಷ್‌ನಿಂದ ಚಕ್ಕೆಯಾಗಿ ಎಬ್ಬಿಸುವ ವಿಧಾನವೂ ಇದೆ. ಮಾಡೆಲ್ ಟ್ಯಾಂಕ್ ಮಾಡುವವರು ಅದನ್ನೇ ನೆಚ್ಚಿಕೊಂಡಿದ್ದಾರೆ, ಫಲಿತಾಂಶವೂ ಚಂದ. ಆದರೆ ನೀರಿಗೆ ಕರಗುವ ಪದರ ಒಳಗಿದ್ದರೆ ಬೆವರು ಕೈಯಲ್ಲಿ ಹಿಡಿದು ಆಡುವ ಗನ್‌ಗೆ ಅದು ಬಾಳಲ್ಲ. ಗಾಜಿನ ಕಪಾಟಿನಲ್ಲಿ ಇಡುವುದಾದರೆ ಮಾಡಿ.

ನಳಿಕೆ ಮತ್ತು ಇತರ ಉಕ್ಕಿನ ಭಾಗಗಳಿಗೆ ಗ್ರಾಫೈಟ್ ಪುಡಿಯಂಥದ್ದು ಬೇರೆ ಇಲ್ಲ. 6ಬಿ ಪೆನ್ಸಿಲಿನ ಸೀಸವನ್ನು ಎಮರಿ ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿಕೊಳ್ಳಬಹುದು. ಒಣಗಿದ ಮ್ಯಾಟ್ ಬಣ್ಣದ ಮೇಲೆ ಬೆರಳಿನಿಂದ ತಿಕ್ಕಿ. ಸುಮ್ನೆ ತಿಕ್ಕುತ್ತಾ ಹೋದ ಹಾಗೆ ಪ್ಲಾಸ್ಟಿಕ್‌ಗೆ ಉಕ್ಕಿನ ತಣ್ಣನೆಯ ಹೊಳಪು ಬರುತ್ತದೆ. ಉಬ್ಬಿದ ಕಡೆ ಜಾಸ್ತಿ, ಸಂದಿನಲ್ಲಿ ಬೇಡ. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ವೈರು, ಸ್ವಿಚ್ಚಿನ ಹತ್ತಿರ ತರಬೇಡಿ.

ಪಾಲಿಮರ್ ಹಿಡಿಯಲ್ಲಿ ಸವೆತ ತೋರಿಸಲು ಬೇರೆ ಬಣ್ಣ ಬೇಡ. ಮೂಲ ಬಣ್ಣ ಗಟ್ಟಿಯಾದ ಮೇಲೆ ಒರಟು ಬಟ್ಟೆಯಿಂದ ಅಂಗೈ ತಾಗುವ ಕಡೆ ಐದು ನಿಮಿಷ ಉಜ್ಜಿ ಹೊಳಪು ತನ್ನಿ. ಬೂದು ಬಣ್ಣದ ಪೆನ್ಸಿಲಿನಲ್ಲಿ ಎರಡು ಮೂರು ಸಣ್ಣ ಗೀರು ಎಳೆದರೆ ಮುಗಿಯಿತು.

ಕೊಳೆ ಕೂತ ಹಾಗೆ ಕಾಣಲು ಕಂದು ಬರ್ಂಟ್ ಅಂಬರ್ ಮತ್ತು ಕಪ್ಪು ಆಯಿಲ್ ಪೇಂಟನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳುವಾಗಿ ಕದಡಿ ಸಂದುಗಳಿಗೆ ಹರಿಯಬಿಡಿ. ಕಾಲು ಗಂಟೆ ಬಿಟ್ಟು ಮೇಲ್ಮೈಯನ್ನು ಕಾಟನ್ ಬಡ್ಸ್‌ನಿಂದ ಒರೆಸಿ. ಇದಕ್ಕೆ ಮೊದಲು ಹೊಳಪಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಒಂದು ಪದರ ಇರಬೇಕು. ಇಲ್ಲದಿದ್ದರೆ ಮ್ಯಾಟ್ ಬಣ್ಣ ಕೊಳೆಯನ್ನು ಹೀರಿಕೊಂಡು ಎಲ್ಲೆಲ್ಲೂ ಕಲೆ ನಿಲ್ಲುತ್ತದೆ. ಟರ್ಪೆಂಟೈನ್ ಬರೀ ಪ್ಲಾಸ್ಟಿಕ್ ಮೇಲೆ ನಿಂತರೆ, ಅದರಲ್ಲೂ ಸ್ಕ್ರೂ ಬಿಗಿದು ಎಳೆತ ಇರುವ ಕಡೆ, ಸಣ್ಣ ಬಿರುಕು ಬಿಡಬಹುದು. ಆದ್ದರಿಂದ ಒಳಮೈಗೆ ಹರಿಯದ ಹಾಗೆ ನೋಡಿಕೊಳ್ಳಿ. ತೋಟಾ ಕಿಟಕಿ ಮತ್ತು ಮೂತಿಯ ಹಿಂದೆ ಒಂದು ಚಿಟಿಕೆ ಕಪ್ಪು ಪಿಗ್ಮೆಂಟ್ ಪುಡಿ ಹಚ್ಚಿದರೆ ಸುಟ್ಟ ಮದ್ದಿನ ಮಸಿಯಂತೆ ಕಾಣುತ್ತದೆ. ತುಕ್ಕು ಮಾತ್ರ ಬೇಡ. ಅಲ್ಯುಮಿನಿಯಂಗೆ ಕೆಂಪು ತುಕ್ಕು ಹಿಡಿಯಲ್ಲ, ಪಾಲಿಮರ್‌ಗೂ ಹಿಡಿಯಲ್ಲ. ಉಕ್ಕಿನ ಒಂದು ಸ್ಕ್ರೂ ತಲೆಯ ಮೇಲೆ ಚುಕ್ಕೆಯಷ್ಟು ಇಟ್ಟರೆ ಸಾಕು.

ಮರದ ಬಟ್ ಇರುವ ಮಾದರಿಯವರಿಗೂ ಒಂದು ಮಾತು. ಕಂದು ಪ್ಲಾಸ್ಟಿಕ್ ಮೇಲೆ ತಿಳಿ ಮರಳು ಬಣ್ಣದ ಕೋಟ್ ಹೊಡೆದು ಒಣಗಿಸಿ. ಕಂದು ಆಯಿಲ್ ಪೇಂಟನ್ನು ಒರಟು ಬ್ರಷ್‌ನಲ್ಲಿ ಉದ್ದಕ್ಕೆ ಎಳೆದರೆ ಎಳೆಗಳು ಮೂಡುತ್ತವೆ. ಪೂರ್ತಿ ಒಣಗಲು ಒಂದು ವಾರ ಬೇಕಾದರೂ ಕೊಡಿ. ಆಮೇಲೆ ಕಿತ್ತಳೆಯ ಪಾರದರ್ಶಕ ಬಣ್ಣ ತೆಳುವಾಗಿ. ಹಳೇ ಸೋವಿಯತ್ ಎಕೆಗಳಲ್ಲಿ ಪ್ಲೈವುಡ್ ಮೇಲಿನ ವಾರ್ನಿಷ್ ಕೊಡುತ್ತಿದ್ದ ಕೆಂಪು ಛಾಯೆ ಹೀಗೇ ಬರುತ್ತದೆ.

ಕೊನೆಯ ಕ್ಲಿಯರ್ ಕೋಟ್ ಕೂಡ ಎಲ್ಲ ಭಾಗಕ್ಕೂ ಒಂದೇ ಆಗಬಾರದು. ರಿಸೀವರ್, ನಳಿಕೆಗೆ ಮ್ಯಾಟ್, ಪಾಲಿಮರ್‌ಗೆ ಸ್ಯಾಟಿನ್. ಗ್ರಾಫೈಟ್ ಮೇಲೆ ಕ್ಲಿಯರ್ ಹೊಡೆದರೆ ಹೊಳಪು ಸ್ವಲ್ಪ ಕುಂದುತ್ತದೆ, ಅದಕ್ಕೇ ಆ ಭಾಗಕ್ಕೆ ಮೊದಲು ಕ್ಲಿಯರ್ ಹೊಡೆದು, ಕೊನೆಯಲ್ಲಿ ಇನ್ನೊಮ್ಮೆ ಗ್ರಾಫೈಟ್ ತಿಕ್ಕುತ್ತೇನೆ. ಎರಡು ದ್ರವ ಬೆರೆತು ಗಟ್ಟಿಯಾಗುವ ಟು-ಕೆ ಕ್ಲಿಯರ್ ಅಂತ ಸಿಗುವುದು ತುಂಬಾ ಗಟ್ಟಿ. ಆದರೆ ಅದರಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇದೆ, ಉಸಿರಿಗೆ ಅಪಾಯ. ಸರಿಯಾದ ಉಸಿರಾಟದ ರಕ್ಷಣೆ ಇಲ್ಲದೆ ಮನೆಯಲ್ಲಿ ಹೊಡೆಯಬೇಡಿ.

ಮುಟ್ಟಲು ಒಣಗಿದೆ ಅಂದ ಮಾತ್ರಕ್ಕೆ ಬಣ್ಣ ಗಟ್ಟಿಯಾಗಿರಲ್ಲ. ಒಂದು ವಾರ ಬಿಡಿ. ಕಾಣದ ಮೂಲೆಯಲ್ಲಿ ಹೆಬ್ಬೆರಳ ಉಗುರು ಒತ್ತಿ, ಗುರುತು ಬಿದ್ದರೆ ಇನ್ನೂ ಕಾಯಬೇಕು. ಜೋಡಿಸಿದ ಮೇಲೆ ಬ್ಯಾಟರಿ ಹಾಕುವ ಮೊದಲೇ ಮ್ಯಾಗಜಿನ್ ಸಲೀಸಾಗಿ ಹೋಗಿ ಬರುತ್ತದಾ, ಸೆಲೆಕ್ಟರ್ ಮೂರೂ ಕಡೆ ನಿಲ್ಲುತ್ತದಾ, ಟ್ರಿಗರ್ ತಾನೇ ಮರಳುತ್ತದಾ ಅಂತ ನೋಡಿ. ಎಲ್ಲಾದರೂ ಬಿಗಿ ಅನಿಸಿದರೆ ಒತ್ತಬೇಡಿ. ಆ ಜಾಗದ ಬಣ್ಣವನ್ನು 800 ನಂಬರ್ ಪೇಪರಿನಲ್ಲಿ ಎರಡು ಸಲ ಸವರಿ, ಮತ್ತೆ ಕೂರಿಸಿ ನೋಡಿ.